ಜೈತೂನ್ ಎಂಬ ಬಂದರು ಎಲ್ಲಿದೆ? ಛುವಾನ್‌ಜೌ ಊರಿನ ಹೆಸರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಕೊ ಪೋಲೊ ಅಥವಾ ಇಬ್ನ್ ಬತೂತನ ಪ್ರವಾಸದ ಬಗ್ಗೆ ಓದುವವರಿಗೆ ಚೀನಾದ 'ಜೈತೂನ್' ಬಂದರು ಎದುರಾಗುತ್ತದೆ. ಭೂಪಟದಲ್ಲಿ ಹುಡುಕಿದರೆ ಆ ಹೆಸರಿನ ಊರು ಸಿಗುವುದಿಲ್ಲ. ಊರೇನೋ ಇದೆ, ಅಲ್ಲಿನವರು ಕರೆಯುವ ಹೆಸರು ಬೇರೆ. ಒಂದಲ್ಲ, ನಾಲ್ಕೈದು ಹೆಸರುಗಳು. ಗೊಂದಲ ಅಲ್ಲಿಂದಲೇ ಶುರು.

ಜೈತೂನ್ ಅಂದರೆ ಈಗಿನ ಯಾವ ಊರು?

ಛುವಾನ್‌ಜೌ. ಚೀನಾದ ಆಗ್ನೇಯ ಕರಾವಳಿಯ ಫೂಜ್ಯೆನ್ ಪ್ರಾಂತ್ಯದಲ್ಲಿದೆ. ಕಡಲಾಚೆಗೆ ಎದುರಲ್ಲೇ ತೈವಾನ್. ಊರಿನ ದಕ್ಷಿಣಕ್ಕೆ ಜಿನ್ ನದಿ, ಈಶಾನ್ಯಕ್ಕೆ ಲುವೊಯಾಂಗ್ ನದಿ, ಬೆನ್ನಿಗೆ ಛಿಂಗ್‌ಯುವಾನ್ ಬೆಟ್ಟ. ಸುಮಾರು 11ರಿಂದ 14ನೇ ಶತಮಾನದವರೆಗೆ, ಅಂದರೆ ಸೊಂಗ್ ಮತ್ತು ಯುವಾನ್ ಅರಸರ ಕಾಲದಲ್ಲಿ, ಇದು ಜಗತ್ತಿನ ದೊಡ್ಡ ಬಂದರುಗಳಲ್ಲಿ ಒಂದು. ಕಡಲ ವ್ಯಾಪಾರದ ಸುಂಕ ನೋಡಿಕೊಳ್ಳುವ ಸರ್ಕಾರಿ ಕಚೇರಿ ಇಲ್ಲಿ ಶುರುವಾಗಿದ್ದು 1087ರಲ್ಲಿ.

ಪತ್ರಿಕೆಗಳಲ್ಲಿ 'ಕ್ವಾನ್‌ಝೌ' ಅಂತ ಬರೆಯುತ್ತಾರಲ್ಲ, ಇದು ಅದೇ ಊರಾ?

ಅದೇ. ರೋಮನ್ ಲಿಪಿಯಲ್ಲಿ ಮೊದಲ ಅಕ್ಷರ 'ಕ್ಯೂ' ಇರುವುದರಿಂದ ನಾವು 'ಕ್ವ' ಅಂತ ಓದುತ್ತೇವೆ. ಚೀನೀ ಭಾಷೆಯಲ್ಲಿ ಆ ಅಕ್ಷರಕ್ಕೆ 'ಛ'ಕ್ಕೆ ಹತ್ತಿರದ ಉಚ್ಚಾರ. ಹಾಗಾಗಿ ಛುವಾನ್‌ಜೌ ಅಂದರೆ ಜಾಸ್ತಿ ಸರಿ. ಇದೇ ಕರಾವಳಿಯಲ್ಲಿ ಇನ್ನೂ ದಕ್ಷಿಣಕ್ಕಿರುವ ಗ್ವಾಂಗ್‌ಜೌ ಬೇರೆ ಊರು. ಸುಮಾರು ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

'ಛುವಾನ್‌ಜೌ' ಎಂಬ ಹೆಸರಿನ ಅರ್ಥ ಏನು?

'ಛುವಾನ್' ಅಂದರೆ ನೀರಿನ ಒರತೆ. 'ಜೌ' ಅಂದರೆ ಹಳೆಯ ಕಾಲದ ಆಡಳಿತದ ಒಂದು ವಿಭಾಗ, ನಮ್ಮ ಜಿಲ್ಲೆ ಅಥವಾ ಸೀಮೆಯ ಹಾಗೆ. ಒಟ್ಟಿಗೆ ಹೇಳಿದರೆ ಒರತೆಗಳ ಸೀಮೆ. ಊರಿನ ಬೆನ್ನಿಗಿರುವ ಛಿಂಗ್‌ಯುವಾನ್ ಬೆಟ್ಟದ ತುಂಬ ಒರತೆಗಳಿವೆ. ಆ ಬೆಟ್ಟಕ್ಕೆ 'ಛುವಾನ್ ಶಾನ್', ಅಂದರೆ ಒರತೆ ಬೆಟ್ಟ, ಅಂತಲೂ ಹೆಸರಿದೆ. ಬೆಟ್ಟದ ಬುಡದಲ್ಲಿ ಚೀನಾದ ಹಳೆಯ ಚಿಂತಕ ಲಾವೋತ್ಸೆಯ ಮೂರ್ತಿ ಇದೆ, ಒಂದೇ ಬಂಡೆಯಲ್ಲಿ ಕಡೆದದ್ದು. ಕುಳಿತ ಭಂಗಿ, ಎತ್ತರ 5.63 ಮೀಟರ್, ಸೊಂಗ್ ಕಾಲದ್ದು.

ಊರ ಪಕ್ಕ ಬೆಟ್ಟ, ಬೆಟ್ಟದಲ್ಲಿ ನೀರು, ಅದರಿಂದ ಹೆಸರು. ಇಷ್ಟಕ್ಕೇ ಮುಗಿದಿದ್ದರೆ ಸರಳವಾಗಿತ್ತು.

ಈ ಹೆಸರು ಮೊದಲು ಬೇರೆ ಊರಿಗೆ ಇತ್ತಂತೆ, ನಿಜವಾ?

ನಿಜ. ಚೀನಾದ ಹಳೆಯ ದಾಖಲೆ ಓದುವವರು ಎಡವುವುದು ಇಲ್ಲೇ. 589ರಲ್ಲಿ ಸ್ವೇ ಅರಸರು 'ಛುವಾನ್‌ಜೌ' ಎಂಬ ಹೆಸರು ಕೊಟ್ಟಿದ್ದು ಉತ್ತರಕ್ಕಿರುವ ಇನ್ನೊಂದು ಊರಿಗೆ. ಅದು ಈಗಿನ ಫುಜೌ, ಫೂಜ್ಯೆನ್ ಪ್ರಾಂತ್ಯದ ರಾಜಧಾನಿ. ನಮ್ಮ ಛುವಾನ್‌ಜೌ ಇರುವ ಸೀಮೆಗೆ ಆಮೇಲೆ ಕೆಲವು ವರ್ಷ 'ವುರೊಂಗ್‌ಜೌ' ಅಂತ ಹೆಸರಿತ್ತು. 711ರಲ್ಲಿ ತಾಂಗ್ ಅರಸರು ಹೆಸರುಗಳನ್ನು ಅದಲುಬದಲು ಮಾಡಿದರು. ಉತ್ತರದ ಊರು 'ಮಿನ್‌ಜೌ' ಆಯಿತು. ಅದರ ಹಳೆಯ ಹೆಸರು ದಕ್ಷಿಣಕ್ಕೆ ಬಂದು ವುರೊಂಗ್‌ಜೌ ಮೇಲೆ ಕೂತಿತು. 725ರಲ್ಲಿ ಮಿನ್‌ಜೌ ಮತ್ತೆ ಬದಲಾಗಿ ಫುಜೌ ಆಯಿತು.

ಹಾಗಾಗಿ 711ಕ್ಕಿಂತ ಹಿಂದಿನ ದಾಖಲೆಯಲ್ಲಿ 'ಛುವಾನ್‌ಜೌ' ಅಂತ ಕಂಡರೆ ಅದು ಬಹುತೇಕ ಈ ಊರಲ್ಲ, ಫುಜೌ. ಅಂತರ್ಜಾಲದಲ್ಲಿ ಈ ಎರಡು ಊರುಗಳ ಇತಿಹಾಸವನ್ನು ಒಂದೇ ಮಾಡಿ ಬರೆದಿರುವುದು ಬೇಕಾದಷ್ಟಿದೆ. ಒಂದು ತಮಾಷೆ ನೋಡಿ: 2021ರ ಜುಲೈಯಲ್ಲಿ ಯುನೆಸ್ಕೊ ಛುವಾನ್‌ಜೌವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸಭೆಯ ಆತಿಥ್ಯ ವಹಿಸಿದ ಊರು ಯಾವುದು? ಫುಜೌ.

ಸರಿ, 'ಜೈತೂನ್' ಎಲ್ಲಿಂದ ಬಂತು?

ಒಂದು ಮರದಿಂದ. ಚೀನೀ ಭಾಷೆಯಲ್ಲಿ ಅದಕ್ಕೆ 'ತ್ಸಿಥೊಂಗ್' ಅನ್ನುತ್ತಾರೆ. 'ತ್ಸಿ' ಅಂದರೆ ಮುಳ್ಳು, 'ಥೊಂಗ್' ಒಂದು ಜಾತಿಯ ಮರ. ಊರಿನ ಸುತ್ತ ಈ ಮರಗಳು ತುಂಬಿಕೊಂಡಿದ್ದರಿಂದ ಜನ ಇದನ್ನು 'ತ್ಸಿಥೊಂಗ್ ಚೆಂಗ್' ಅಂತ ಕರೆದರು. 'ಚೆಂಗ್' ಅಂದರೆ ಕೋಟೆ ಇರುವ ಪಟ್ಟಣ. ಛುವಾನ್‌ಜೌ ಅನ್ನುವುದು ಕಾಗದಪತ್ರದ ಹೆಸರಾದರೆ ಇದು ಜನರ ಬಾಯಿಯ ಹೆಸರು.

ಇಲ್ಲಿನವರ ಮಾತು ಮಿನ್‌ನಾನ್, ಹೊರಗಿನವರ ಬಾಯಲ್ಲಿ ಹೊಕ್ಕಿಯೆನ್. ಅದರಲ್ಲಿ ಈ ಮರದ ಹೆಸರು 'ಛಿ-ತೋಂಗ್' ಅಂತ ಕೇಳಿಸುತ್ತದೆ. ಬಂದರಿಗೆ ಬಂದ ಅರಬ್ಬಿ, ಪರ್ಷಿಯನ್ ವ್ಯಾಪಾರಿಗಳು ಕೇಳಿಸಿಕೊಂಡಿದ್ದು ಈ ಬಗೆಯ ಉಚ್ಚಾರವನ್ನು. ಅರಬ್ಬಿಯಲ್ಲಿ 'ಚ' ಇಲ್ಲ. ಆ ದನಿಗೆ ಹತ್ತಿರ ಇದ್ದ, ಮೊದಲೇ ಗೊತ್ತಿದ್ದ ಒಂದು ಮಾತು ಅವರ ನಾಲಿಗೆಗೆ ಸಿಕ್ಕಿತು: ಜೈತೂನ್, ಅಂದರೆ ಆಲಿವ್. ವ್ಯಾಪಾರಿಗಳಿಂದ ಅದು ಯುರೋಪಿನವರಿಗೆ ಹೋಯಿತು. ಮಾರ್ಕೊ ಪೋಲೊ ಬರೆದ 'ಜೈತೊನ್' ಇದೇ.

ಆಲಿವ್ ಮರಗಳು ಇದ್ದಿದ್ದರಿಂದಲೇ ಆ ಹೆಸರು ಅಂತ ಓದಿದ್ದೆ. ತಪ್ಪಾ?

ತಪ್ಪು. ಇದಕ್ಕೆ ಉತ್ತರ ಇಬ್ನ್ ಬತೂತನೇ ಕೊಟ್ಟಿದ್ದಾನೆ. 1340ರ ದಶಕದಲ್ಲಿ ಸಮುದ್ರ ದಾಟಿ ಬಂದಾಗ ಮೊದಲು ಸಿಕ್ಕ ಊರು ಜೈತೂನ್ ಅನ್ನುತ್ತಾನೆ. ಅದರ ಬೆನ್ನಿಗೇ, ಈ ಊರಲ್ಲಿ ಜೈತೂನ್ ಮರವೇ ಇಲ್ಲ, ಚೀನಾ ಮತ್ತು ಹಿಂದ್ ದೇಶಗಳಲ್ಲಿ ಎಲ್ಲೂ ಇಲ್ಲ, ಸುಮ್ನೆ ಹೆಸರು ಹಾಗಿದೆ ಅಂತ ಬರೆಸಿದ್ದಾನೆ. ಮೊರಾಕೊದವನು, ಆಲಿವ್ ತಿಂದು ಬೆಳೆದವನು. ಅವನಿಗೆ ಮರ ಗೊತ್ತಾಗದೇ ಇರುತ್ತಾ?

ಅವನು ಚೀನಾಕ್ಕೆ ಹೋಗಿಯೇ ಇರಲಿಲ್ಲ, ಕೇಳಿದ್ದನ್ನು ಸೇರಿಸಿದ್ದಾನೆ ಅನ್ನುವ ವಿದ್ವಾಂಸರೂ ಇದ್ದಾರೆ. ಇರಲಿ. ಕೇಳಿ ಬರೆದಿದ್ದರೂ, ಹೆಸರಿಗೂ ಮರಕ್ಕೂ ತಾಳೆ ಇಲ್ಲ ಅನ್ನುವುದು ಆ ಕಾಲದ ವ್ಯಾಪಾರಿಗಳಿಗೆ ಗೊತ್ತಿತ್ತು ಅಂತಾಯಿತು. ಬಂದರಿನ ಬಗ್ಗೆ ಅವನು ಹೇಳುವುದೂ ಬರಿಯ ಹೊಗಳಿಕೆಯಲ್ಲ: ಸುಮಾರು ನೂರು ದೊಡ್ಡ ಹಡಗು ಕಂಡೆ, ಸಣ್ಣವಕ್ಕೆ ಲೆಕ್ಕವಿಲ್ಲ ಅನ್ನುತ್ತಾನೆ. ಪ್ರತಿ ಮನೆಯೂ ಒಂದು ತೋಟದ ನಡುವೆ ಇರುವುದರಿಂದಲೇ ಚೀನಾದ ಊರುಗಳು ಅಷ್ಟು ಅಗಲ ಅಂತಲೂ ಸೇರಿಸುತ್ತಾನೆ.

ತ್ಸಿಥೊಂಗ್ ಮರ ನಮ್ಮಲ್ಲಿ ಇದೆಯಾ?

ಇದೆ, ಧಾರಾಳವಾಗಿ. ಅದು ನಮ್ಮ ಹಾಲವಾಣ. ಸಸ್ಯಶಾಸ್ತ್ರದಲ್ಲಿ ಎರಿತ್ರಿನಾ ವೇರಿಯೆಗೇಟಾ. ತುಳುವಿನಲ್ಲಿ ಪೊಂಗಾರೆ. ಮಲೆನಾಡು, ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೆ ಇದನ್ನೇ ನೆಡುತ್ತಾರೆ. ಬೀಜ ಹಾಕಿ ಕಾಯಬೇಕಾಗಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಉದ್ದದ ಕೊಂಬೆ ಕಡಿದು ನೆಟ್ಟರೆ ಬೇರು ಬಿಡುತ್ತದೆ.

ಚಳಿಗಾಲ ಮುಗಿಯುವಾಗ ಎಲೆಯೆಲ್ಲ ಉದುರಿ, ಬೋಳು ಕೊಂಬೆಗಳ ತುದಿಯಲ್ಲಿ ಕಡುಗೆಂಪು ಹೂಗೊಂಚಲು ಬರುತ್ತದೆ. ಮೈನಾ, ಸೂರಕ್ಕಿಗಳು ಮಕರಂದಕ್ಕೆ ಮುತ್ತಿಕೊಳ್ಳುತ್ತವೆ. ಎಳೆಯ ಕಾಂಡ, ಕೊಂಬೆಗಳ ಮೇಲೆ ಗಿಡ್ಡನೆಯ ಕಪ್ಪು ಮುಳ್ಳುಗಳಿರುತ್ತವೆ. ಕೈಯಲ್ಲಿ ಹಿಡಿದವರಿಗೆ ಚೀನೀಯರು ಹೆಸರಿನಲ್ಲಿ 'ಮುಳ್ಳು' ಯಾಕೆ ಸೇರಿಸಿದರು ಅಂತ ಬೇರೆ ಹೇಳಬೇಕಾಗಿಲ್ಲ.

ಮೆಣಸಿನ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ. ಕ್ರೈಸ್ತ ದೇಶಗಳಿಗೆಂದು ಅಲೆಕ್ಸಾಂಡ್ರಿಯಕ್ಕೆ ಒಂದು ಹಡಗು ಮೆಣಸು ಹೋದರೆ, ಜೈತೊನ್‌ಗೆ ನೂರು ಹಡಗು ಬರುತ್ತದೆ ಅಂತ ಮಾರ್ಕೊ ಪೋಲೊ ಹೇಳುತ್ತಾನೆ. ನೂರು ಅನ್ನುವುದು ಲೆಕ್ಕ ಹಾಕಿದ ಸಂಖ್ಯೆ ಅಲ್ಲ, ಮಾತಿನ ಭರ. ಆದರೂ ಹಾಲವಾಣದ ಹೆಸರಿನ ಊರಿಗೆ ಮೆಣಸು ರಾಶಿ ರಾಶಿ ಬರುತ್ತಿತ್ತು ಅನ್ನುವುದು ನನಗಂತೂ ಖುಷಿ ಕೊಡುತ್ತದೆ. ಆಗ ನಮ್ಮ ಕಡೆ ಮೆಣಸಿಗೆ ಹಾಲವಾಣವೇ ಆಸರೆಯಾಗಿತ್ತು ಅಂತ ಮಾತ್ರ ಇದರಿಂದ ತೀರ್ಮಾನಿಸಬೇಡಿ. ಮಲಬಾರಿನಲ್ಲಿ ಮೆಣಸಿನ ಬಳ್ಳಿಯನ್ನು ತೆಂಗಿನ ಮರದ ಬುಡದಲ್ಲಿ ನೆಟ್ಟು ಹಬ್ಬಿಸುತ್ತಾರೆ ಅಂತ ಇಬ್ನ್ ಬತೂತ ಬರೆದಿದ್ದಾನೆ.

ಈ ಮರಗಳನ್ನು ನೆಟ್ಟಿದ್ದು ಯಾರು?

ಎಲ್ಲರೂ ಹೇಳುವ ಹೆಸರು ಲಿಯು ತ್ಸೊಂಗ್‌ಶ್ಯಾವ್. 10ನೇ ಶತಮಾನದ ಪಾಳೆಯಗಾರ. 907ರಲ್ಲಿ ತಾಂಗ್ ಸಾಮ್ರಾಜ್ಯ ಬಿದ್ದ ಮೇಲೆ ದೇಶ ಚೂರು ಚೂರಾಗಿತ್ತು. ಆಗ ಈ ಸೀಮೆಯನ್ನು ಹಿಡಿದವನು ಅವನು. ಊರಿನ ಕೋಟೆಯನ್ನು ದೊಡ್ಡದು ಮಾಡಿ, ಸುತ್ತಲೂ ತ್ಸಿಥೊಂಗ್ ನೆಡಿಸಿದ. 962ರಲ್ಲಿ ತೀರಿಕೊಂಡ.

ಆದರೆ ಮರ ಅವನಿಗಿಂತ ಹಳೆಯದು. 9ನೇ ಶತಮಾನದ ಕವಿ ಛೆನ್ ಥಾವ್ ಛುವಾನ್‌ಜೌವಿನ ತ್ಸಿಥೊಂಗ್ ಹೂವಿನ ಮೇಲೆ ಪದ್ಯಗಳನ್ನೇ ಬರೆದಿದ್ದಾನೆ. ಅಂದರೆ ಲಿಯು ಹುಟ್ಟುವ ಮೊದಲೇ ಹೂವಿಗೂ ಊರಿಗೂ ನಂಟಿತ್ತು. ಅವನು ಇದ್ದದ್ದನ್ನು ಹೆಚ್ಚಿಸಿದ, ಊರಿನ ಗುರುತು ಮಾಡಿದ ಅನ್ನುವುದು ನನ್ನ ಲೆಕ್ಕ. ಒಂದು ಕೆಲಸಕ್ಕೆ ಒಬ್ಬ ದೊಡ್ಡ ಮನುಷ್ಯನ ಹೆಸರು ಅಂಟಿಸುವುದು ಎಲ್ಲ ಊರಲ್ಲೂ ಇದ್ದದ್ದೇ.

ಸೊಂಗ್ ಕಾಲದಲ್ಲಿ ಜನರಲ್ಲಿ ಒಂದು ನಂಬಿಕೆ ಇತ್ತು. ಮರ ಮೊದಲು ಚಿಗುರಿ ಆಮೇಲೆ ಹೂ ಬಿಟ್ಟರೆ ಆ ವರ್ಷ ಬೆಳೆ ಚೆನ್ನಾಗಿ ಬರುತ್ತದೆ, ಹೂವೇ ಮೊದಲು ಬಂದರೆ ಕಷ್ಟ. ಎಲೆಗಿಂತ ಮೊದಲು ಹೂ ಬಿಡುವುದೇ ಈ ಮರದ ಸ್ವಭಾವ. ಪಾಪ, ರೈತರಿಗೆ ನೆಮ್ಮದಿ ಅಪರೂಪವೇ ಇರಬೇಕು.

'ಸ್ಯಾಟಿನ್' ಬಟ್ಟೆಯ ಹೆಸರು ಈ ಊರಿನದ್ದಾ?

ಬಹುಮಟ್ಟಿಗೆ ಹೌದು. ಇಲ್ಲಿನ ರೇಷ್ಮೆ ಬಟ್ಟೆಗೆ ಊರಿನ ಹೆಸರೇ ಅಂಟಿಕೊಂಡಿತ್ತು ಅಂತ ಇಬ್ನ್ ಬತೂತ ಬರೆಯುತ್ತಾನೆ. ಅರಬ್ಬಿಯಲ್ಲಿ 'ಜೈತೂನಿ', ಹಳೆಯ ಸ್ಪ್ಯಾನಿಷ್‌ನಲ್ಲಿ 'ಅಸೆಯ್ತುನಿ'. ಅಲ್ಲಿಂದ ಫ್ರೆಂಚ್ ದಾರಿಯಾಗಿ 'ಸ್ಯಾಟಿನ್' ಬಂತು ಅನ್ನುವುದು ಹೆಚ್ಚಿನ ನಿಘಂಟುಗಳ ಮಾತು. ರೇಷ್ಮೆಗೆ ಇರುವ ಲ್ಯಾಟಿನ್ ಮಾತಿನಿಂದ ಬಂದಿರಬಹುದು ಅನ್ನುವವರೂ ಇದ್ದಾರೆ. ಎರಡೂ ಸೇರಿಕೊಂಡಿರಲೂಬಹುದು.

ಇಬ್ನ್ ಬತೂತ ನಮ್ಮ ಕರಾವಳಿಗೂ ಬಂದಿದ್ದ ಅಲ್ವಾ? ಇಲ್ಲಿನ ಹೆಸರುಗಳನ್ನು ಹೇಗೆ ಬರೆದ?

ಬಂದಿದ್ದ, 1342ರ ಸುಮಾರಿಗೆ. ದೆಹಲಿ ಸುಲ್ತಾನನ ಕಡೆಯಿಂದ ಚೀನಾಕ್ಕೆ ರಾಯಭಾರಿಯಾಗಿ ಹೊರಟವನು. ಹೊನ್ನಾವರ, ಬಸರೂರು, ಬಾರಕೂರು, ಮಂಗಳೂರು ಎಲ್ಲ ಅವನ ದಾರಿಯಲ್ಲಿ ಸಿಕ್ಕವು. ಅವನ ಬರಹದಲ್ಲಿ ಹೊನ್ನಾವರ 'ಹಿನೌರ್', ಮಂಗಳೂರು 'ಮಂಜರೂರ್'. ಬಾರಕೂರು 'ಫಾಕನೂರ್' ಆಗಿದೆ. ಶಾಸನಗಳಲ್ಲಿ ಆ ಊರಿಗೆ ಬಾರಕನೂರು ಅಂತ ಇರುವುದನ್ನು ನೆನೆದರೆ ಅದು ತೀರಾ ದೂರವೇನಲ್ಲ.

ಚೆಂದ ಇರುವುದು ಬಸರೂರಿನ ಕತೆ. ಅದನ್ನು ಅವನು 'ಅಬೂ ಸುರೂರ್' ಅಂತ ಬರೆದಿದ್ದಾನೆ. ಅರಬ್ಬಿಯಲ್ಲಿ 'ಅಬೂ' ಅಂದರೆ ಅಪ್ಪ, 'ಸುರೂರ್' ಅಂದರೆ ಸಂತೋಷ. ತೆಂಗಿನ ಮರ ತುಂಬಿದ, ಹಿನ್ನೀರಿನ ದಡದ ಸಣ್ಣ ಊರು ಅಂತ ಒಂದು ಮಾತು ಹೇಳಿ ಮುಂದೆ ಹೋಗಿದ್ದಾನೆ. ಕುಂದಾಪುರದ ಕಡೆಯವರು ಬಸರೂರು ಅಂದಿದ್ದು ಅರಬ್ಬಿ ಕಿವಿಗೆ 'ಸಂತೋಷದ ಅಪ್ಪ' ಅಂತ ಕೇಳಿಸಿತು. ತ್ಸಿಥೊಂಗ್ 'ಆಲಿವ್' ಆಗಿದ್ದೂ ಹೀಗೆಯೇ. ಗೊತ್ತಿಲ್ಲದ ದನಿಯನ್ನು ಗೊತ್ತಿರುವ ಮಾತಿಗೆ ಹೊಂದಿಸಿಕೊಳ್ಳುವುದು ಈ ಕಡಲ ದಾರಿಯುದ್ದಕ್ಕೂ ನಡೆದಿದೆ. ಹಾಗಾಗಿ 'ಜೈತೂನ್ ಅಂತ ಹೆಸರಿದೆ, ಆಲಿವ್ ಇದ್ದಿರಲೇಬೇಕು' ಅಂತ ಯಾರಾದರೂ ವಾದ ಮಾಡಿದರೆ ಅವರನ್ನು ಬಸರೂರಿಗೆ ಕರೆದುಕೊಂಡು ಹೋಗಿ.

ಜೈತೂನ್ ಅಂದರೆ ಛುವಾನ್‌ಜೌ ಅಂತ ಹೇಗೆ ಖಚಿತವಾಯಿತು?

ತಕ್ಷಣ ಆಗಲಿಲ್ಲ. 19ನೇ ಶತಮಾನದಲ್ಲಿ ಕೆಲವರು ಇದನ್ನು ದಕ್ಷಿಣದ ಜಾಂಗ್‌ಜೌ ಅಂದರು. ಒಳ್ಳೆಯ ಆಳದ ಬಂದರು ಅಲ್ಲಿ ಹತ್ತಿರದ ಶ್ಯಾಮೆನ್‌ನಲ್ಲಿದೆ, ಛುವಾನ್‌ಜೌವಿನಲ್ಲಿ ಹೂಳು ತುಂಬಿದೆ ಅನ್ನುವುದು ಅವರ ವಾದಕ್ಕೆ ಬಲ. ಆದರೆ ಅದು ಅವರ ಕಾಲದ ಹೂಳು. 14ನೇ ಶತಮಾನದ ಅರಬ್ಬಿ ಭೂಗೋಳಕಾರ ಅಬುಲ್ ಫಿದಾ, 'ಶಂಜು' (ಛುವಾನ್‌ಜೌ ಎಂಬುದರ ಅರಬ್ಬಿ ರೂಪ) ಎಂಬ ಊರನ್ನೇ ತನ್ನ ಕಾಲದಲ್ಲಿ ಜೈತೂನ್ ಅನ್ನುತ್ತಾರೆ ಅಂತ ಬರೆದಿದ್ದ. ಜಪಾನಿನ ಇತಿಹಾಸಕಾರ ಕುವಾಬಾರ ಜಿತ್ಸುಜೋ 20ನೇ ಶತಮಾನದ ಆರಂಭದಲ್ಲಿ ಚೀನೀ ದಾಖಲೆಗಳನ್ನು ಜಾಲಾಡಿ ಛುವಾನ್‌ಜೌ ಕಡೆಗೇ ವಾದಿಸಿದ.

ಆಮೇಲೆ ಕಲ್ಲುಗಳೇ ಮಾತಾಡಿದವು. ಹಳೆಯ ಕೋಟೆ ಕೆಡವುವಾಗ ಅದರೊಳಗಿಂದ ಗೋರಿಕಲ್ಲುಗಳು ಸಿಗತೊಡಗಿದವು. ಯುವಾನ್ ಕಾಲ ಮುಗಿದ ಮೇಲೆ ಪರದೇಶದವರ ಗೋರಿಗಳನ್ನೂ ಗುಡಿಗಳನ್ನೂ ಕಿತ್ತು ಕಟ್ಟಡದ ಕಲ್ಲಾಗಿ ಬಳಸಿದ್ದರು. ವು ವೆನ್‌ಲ್ಯಾಂಗ್ ಎಂಬ ಸ್ಥಳೀಯ ಶಾಲಾ ಮೇಷ್ಟ್ರು ಇವನ್ನು ಒಂದೊಂದಾಗಿ ಕಲೆಹಾಕಿದರು. ಅರಬ್ಬಿ, ಸಿರಿಯಾಕ್, ಲ್ಯಾಟಿನ್ ಬರಹದ ಕಲ್ಲುಗಳು. ಆ ಸಂಗ್ರಹವನ್ನು ಅವರು ಸರ್ಕಾರಕ್ಕೆ ಕೊಟ್ಟುಬಿಟ್ಟರು. 1959ರಲ್ಲಿ ಶುರುವಾದ ಕಡಲ ವಸ್ತುಸಂಗ್ರಹಾಲಯಕ್ಕೆ ಅದೇ ಬುನಾದಿ.

ಅವುಗಳಲ್ಲಿ ಮುಖ್ಯವಾದದ್ದು 1946ರಲ್ಲಿ ಸಿಕ್ಕ ಒಂದು ಲ್ಯಾಟಿನ್ ಗೋರಿಕಲ್ಲು. ಇಟಲಿಯ ಪೆರೂಜಿಯಾದ ಆಂಡ್ರ್ಯೂ ಎಂಬ ಫ್ರಾನ್ಸಿಸ್ಕನ್ ಬಿಷಪ್‌ನದು, 1332ರದು. ಅವನು 1326ರಲ್ಲಿ ತನ್ನ ಊರಿನವರಿಗೆ ಬರೆದ ಪತ್ರ ಮೊದಲೇ ಯುರೋಪಿನಲ್ಲಿತ್ತು. ಅದರಲ್ಲಿ ತಾನು ಜೈತೂನ್‌ನ ಬಿಷಪ್ ಅಂತ ಹೇಳಿಕೊಂಡಿದ್ದ. ಜೈತೂನ್ ಬಿಷಪ್‌ನ ಗೋರಿ ಛುವಾನ್‌ಜೌವಿನಲ್ಲಿ! ಇದಾದ ಮೇಲೆ ಜಾಂಗ್‌ಜೌ ವಾದಕ್ಕೆ ಬಲ ಉಳಿಯಲಿಲ್ಲ.

ಅಲ್ಲಿ ದಕ್ಷಿಣ ಭಾರತದ ಶಾಸನ ಸಿಕ್ಕಿದೆಯಂತೆ?

ಸಿಕ್ಕಿದೆ. 1956ರಲ್ಲಿ ತಮಿಳು ಮತ್ತು ಚೀನೀ ಎರಡೂ ಲಿಪಿ ಇರುವ ಕಲ್ಲು ಸಿಕ್ಕಿತು. ಶಕ ವರ್ಷದ ಲೆಕ್ಕ ಹಾಕಿದರೆ 1281, ಚಿತ್ತಿರೈ ತಿಂಗಳು. ಶಂಬಂಧ ಪೆರುಮಾಳ್ ಎಂಬವನು ಖಾನನ ಒಳಿತಿಗಾಗಿ ಶಿವನನ್ನು ಪ್ರತಿಷ್ಠೆ ಮಾಡಿಸಿದ ಅಂತ ಅದರಲ್ಲಿದೆ. ಮಂಗೋಲ್ ದೊರೆ ಕುಬ್ಲಾಯ್ ಖಾನ್ ಚೀನಾವನ್ನು ಆಳುತ್ತಿದ್ದ ವರ್ಷಗಳು ಅವು. ಆ ಗುಡಿ ಈಗಿಲ್ಲ. ಅದರ ಕೆತ್ತನೆಗಳು ಊರಿನ ಖೈಯುವಾನ್ ಬೌದ್ಧ ದೇವಾಲಯ ಸೇರಿದಂತೆ ಬೇರೆ ಬೇರೆ ಕಡೆ ಉಳಿದಿವೆ. ಖೈಯುವಾನ್‌ನ ಹಿಂಭಾಗದ ಎರಡು ಕಂಬಗಳಲ್ಲಿ ನರಸಿಂಹ, ಕೃಷ್ಣ ಇದ್ದಾರೆ. ಶಿವಲಿಂಗಕ್ಕೆ ಆನೆ ಪೂಜೆ ಮಾಡುವ ಕೆತ್ತನೆಯೂ ಇದೇ ಊರಿನಲ್ಲಿ ಸಿಕ್ಕಿದೆ.

'ಮೀನಿನ ಊರು' ಅಂತಲೂ ಕರೆಯುತ್ತಾರಾ?

ಹೌದು, 'ಲಿಚೆಂಗ್'. ಅಂದರೆ ಕಾರ್ಪ್ ಮೀನಿನ ಪಟ್ಟಣ. ಹಳೆಯ ಕೋಟೆಯ ಆಕಾರ ಆ ಮೀನಿನ ಹಾಗೆ ಕಾಣುತ್ತಿತ್ತಂತೆ. ನಗರದ ಹಳೆಯ ಭಾಗಕ್ಕೆ ಈಗಲೂ ಆಡಳಿತದಲ್ಲಿ ಅದೇ ಹೆಸರು. ಪಕ್ಕದ ಯೊಂಗ್‌ಛುನ್ ಸೀಮೆ ಬಲೆಯ ಆಕಾರದಲ್ಲಿತ್ತು, ಅದು ಮೀನನ್ನು ಹಿಡಿಯದಿರಲಿ ಅಂತ ಖೈಯುವಾನ್ ದೇವಾಲಯದ ಜೋಡಿ ಗೋಪುರಗಳನ್ನು ಕಟ್ಟಿದರು ಅಂತ ಕತೆ ಇದೆ. ಗೋಪುರಗಳು 13ನೇ ಶತಮಾನದ ಕಲ್ಲಿನವು, ಎರಡೂ 40 ಮೀಟರಿಗಿಂತ ಎತ್ತರ. ಕಾರಣ ಬಲೆಯಲ್ಲ, ಭಕ್ತಿ ಮತ್ತು ಬಂದರಿನ ದುಡ್ಡು.

'ವೆನ್‌ಲಿಂಗ್' ಅಂತ ಇನ್ನೊಂದು ಹೆಸರಿದೆ, ಬೆಚ್ಚಗಿನ ದಿಬ್ಬ ಅಂತ. ಪದ್ಯಗಳಲ್ಲಿ ಬಿಟ್ಟರೆ ಅಷ್ಟಾಗಿ ಕಾಣುವುದಿಲ್ಲ.

ನದಿಗಳ ಹೆಸರು ಉತ್ತರ ಚೀನಾದ್ದು ಅನಿಸುತ್ತದಲ್ಲ?

ಸರಿಯಾಗಿ ಗಮನಿಸಿದ್ದೀರಿ. ಲುವೊಯಾಂಗ್ ಅನ್ನುವುದು ಉತ್ತರದ ಹಳೆಯ ರಾಜಧಾನಿ. ಜಿನ್ ಅನ್ನುವುದು ಅಲ್ಲಿ ಆಳಿದ ರಾಜವಂಶ. 4ನೇ ಶತಮಾನದ ಆರಂಭದಲ್ಲಿ ಲುವೊಯಾಂಗ್ ದಾಳಿಗೆ ಸಿಕ್ಕಿ ಹಾಳಾದಾಗ ಜನ ದಕ್ಷಿಣಕ್ಕೆ ಗುಳೆ ಬಂದರು, ಬಿಟ್ಟು ಬಂದ ಊರಿನ ನೆನಪಿಗೆ ನದಿಗಳಿಗೆ ಈ ಹೆಸರಿಟ್ಟರು ಅನ್ನುವುದು ಇಲ್ಲಿನವರ ಮಾತು.

ಲುವೊಯಾಂಗ್ ನದಿಯ ಮೇಲೆ 1053ರಿಂದ 1059ರವರೆಗೆ ಕಟ್ಟಿದ ಕಲ್ಲಿನ ಸೇತುವೆ ಇದೆ. ಛೈ ಶ್ಯಾಂಗ್ ಎಂಬ ಅಧಿಕಾರಿ ಕಟ್ಟಿಸಿದ್ದು. ಬುಡದ ಕಲ್ಲುಗಳ ಮೇಲೆ ಸಿಂಪಿಗಳನ್ನು ಬೆಳೆಸಿದ್ದರು. ಅವು ಕಲ್ಲಿಗೆ ಕಚ್ಚಿಕೊಂಡು ಬೆಳೆಯುತ್ತ ಹೋದ ಹಾಗೆ ಗಾರೆಯಂತೆ ಎಲ್ಲವನ್ನೂ ಹಿಡಿದಿಟ್ಟವು.

'ಜೈತೂನ್' ಹೆಸರು ಯಾಕೆ ಮರೆಯಾಯಿತು?

ಆ ಹೆಸರನ್ನು ಬಳಸುತ್ತಿದ್ದವರು ಬರುವುದು ನಿಂತಿತು. 1357ರಿಂದ ಸುಮಾರು ಹತ್ತು ವರ್ಷ ಊರಲ್ಲಿ ದೊಡ್ಡ ದಂಗೆ. ಪರ್ಷಿಯನ್ ಮೂಲದ ಸೈನಿಕರು ಎದ್ದಿದ್ದು, ಕೊನೆಗೆ ಪರದೇಶದವರ ಮೇಲೆ ಕೊಲೆ ಸುಲಿಗೆಯಲ್ಲಿ ಮುಗಿಯಿತು. ಆಮೇಲೆ ಬಂದ ಮಿಂಗ್ ಅರಸರು ಖಾಸಗಿ ಕಡಲ ವ್ಯಾಪಾರವನ್ನು ನಿಷೇಧಿಸಿದರು. ಬಂದರಿಗೆ ಹೂಳು ತುಂಬಿತು. 15ನೇ ಶತಮಾನದಲ್ಲಿ ಸುಂಕದ ಕಚೇರಿಯೂ ಫುಜೌಗೆ ಹೋಯಿತು.

ಆಮೇಲೆ ಬಂದ ಪೋರ್ಚುಗೀಸರಿಗೆ, ಸ್ಪೇನಿನವರಿಗೆ ಜೈತೂನ್ ಅಂದರೆ ಯಾವುದೆಂದೇ ಗೊತ್ತಿರಲಿಲ್ಲ. ಅವರು ಬರೆದಿದ್ದು 'ಚಿಂಚ್ಯೊ'. ಅದನ್ನೂ ಒಮ್ಮೆ ಛುವಾನ್‌ಜೌಗೆ, ಒಮ್ಮೆ ಜಾಂಗ್‌ಜೌಗೆ ಬಳಸಿ ಭೂಪಟಗಳನ್ನು ಇನ್ನಷ್ಟು ಕಲಸಿಟ್ಟರು.

ಈಗ ಹೋದರೆ ಹಳೆಯ ಹೆಸರಿನ ಗುರುತು ಏನಾದರೂ ಕಾಣುತ್ತದಾ?

ತ್ಸಿಥೊಂಗ್ ಈಗ ನಗರದ ಅಧಿಕೃತ ಹೂವು. ರಸ್ತೆ, ಅಂಗಡಿ, ಹೋಟೆಲ್ ಹೆಸರುಗಳಲ್ಲೂ ಅದೇ. ಮರ ನೋಡಬೇಕಾದರೆ ವಸಂತಕ್ಕೆ ಹೋಗಿ. ಕೆಂಪು ಹೂವಿನ ಇನ್ನೂ ಕೆಲವು ಎರಿತ್ರಿನಾ ಜಾತಿಗಳನ್ನು ಚೀನಾದ ಊರುಗಳಲ್ಲಿ ಅಲಂಕಾರಕ್ಕೆ ನೆಡುತ್ತಾರೆ, ಕಂಡದ್ದೆಲ್ಲ ತ್ಸಿಥೊಂಗ್ ಅಲ್ಲ. 2000ದ ದಶಕದಲ್ಲಿ ಎಲೆಗಳಲ್ಲಿ ಗಂಟು ಕಟ್ಟಿಸುವ ಒಂದು ಚಿಕ್ಕ ಕಣಜದ ಹುಳ ಏಷ್ಯಾದುದ್ದಕ್ಕೂ ಈ ಜಾತಿಯ ಮರಗಳನ್ನು ಹಾಳುಮಾಡಿತು. ದಕ್ಷಿಣ ಭಾರತದ ಮೆಣಸಿನ ತೋಟಗಳಲ್ಲಿ ಹಾಲವಾಣ ಒಣಗಿದ್ದೂ ಇದರಿಂದಲೇ.

ಕಲ್ಲುಗಳಿಗೆ ಕಡಲ ವಸ್ತುಸಂಗ್ರಹಾಲಯ ನೋಡಿ. 1974ರಲ್ಲಿ ಹೌಜು ಎಂಬಲ್ಲಿ ಕೆಸರಿನಿಂದ ಎತ್ತಿದ ಸೊಂಗ್ ಕಾಲದ ಹಡಗು ಖೈಯುವಾನ್ ದೇವಾಲಯದ ಆವರಣದಲ್ಲಿದೆ. ಉಳಿದಿರುವ ಉದ್ದ 24 ಮೀಟರ್, ಒಳಗೆ 13 ಕೋಣೆಗಳು. ಅದರಲ್ಲಿ ಸುಗಂಧದ ಮರದ ತುಂಡುಗಳೇ 2,000 ಕಿಲೋಗಿಂತ ಜಾಸ್ತಿ ಸಿಕ್ಕವು. ಜೊತೆಗೆ ಸ್ವಲ್ಪ ಕರಿಮೆಣಸೂ ಇತ್ತು.